ಹುಮನಾಬಾದ ಕಡೆಗಿನ ಹೊಡೆತ

ಸೆಪ್ಟೆಂಬರ್ 3, ಮಂಗಳವಾರ

ಇವತ್ತೂ ಅದೇ. ಒಳಗೆ, ಮೈ ಹತ್ತಿರ ಬಂದ ಬಾಲ್‌ಗಳನ್ನೆಲ್ಲ ಚಚ್ಚಿದಳು. ಹೊರಗೆ, ಮೈಯಿಂದ ದೂರ ಬಂದದ್ದು ಒಂದನ್ನೂ ಮುಟ್ಟಲಿಲ್ಲ.

ಈ ಸಾಫ್ಟ್‌ಬಾಲಿನಲ್ಲಿ ಹೊಡೆಯುವವಳ ಮುಂದಿರುವ ಪ್ಲೇಟ್ ಅಂದರೆ ಕಮಲಾಪುರದ ನಮ್ಮ ಕಾಲೇಜಿನಲ್ಲಿ ಸುಣ್ಣ ಬಳಿದ ಫರಸಿ ಕಲ್ಲು. ಬಾಲ್ ಅದರ ಆಚೆಯ ಅಂಚಿನ ಮೇಲೆ ಬಂತೋ, ಪಂಚಶೀಲಾಳ ಎಡಗಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಭುಜ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. ಬ್ಯಾಟು ಗಾಳಿಗೆ. ಎದುರಿನಿಂದ ಬಾಲ್ ಎಸೆಯುವ, ಪಿಚ್ ಮಾಡುವ ಪ್ರೀತಿ ಸೊಂಟದ ಮೇಲೆ ಕೈ ಇಟ್ಟು ನಗುತ್ತಾಳೆ.

“ಮೇಡಂ, ಇನ್ನೊಂದ್ ಅಲ್ಲೇ ಹಾಕ್ಲೇನ್ರಿ?”

“ಹಾಕು.”

ಹಾಕಿದಳು. ಮತ್ತೆ ಗಾಳಿಗೆ.

ಹುಡುಗಿಯರು ಜೋಕ್ ಮಾಡಿಕೊಂಡಿದ್ದಾರೆ. ಮೈದಾನದ ಎಡಕ್ಕೆ ಕಲಬುರಗಿ ದಿಕ್ಕು, ಬಲಕ್ಕೆ ಹುಮನಾಬಾದ. “ಪಂಚಿ ಬಸ್ಸು ಬರೇ ಕಲಬುರಗಿಗೇ ಹೋಗ್ತದ್ರಿ. ಹುಮನಾಬಾದಿಗೆ ಪರ್ಮಿಟ್ ಇಲ್ಲ.” ನನಗೂ ನಗು ಬಂತು. ನಕ್ಕೆ. ಆಕೆ ಹೆಲ್ಮೆಟ್ ತೆಗೆಯಲಿಲ್ಲ.

ಪ್ರಿನ್ಸಿಪಾಲರು ಮತ್ತೆ ಕೇಳಿದರು, ಕನ್ನಡ ಲೆಕ್ಚರರಿಗೆ ಮೈದಾನದಲ್ಲಿ ಏನು ಕೆಲಸ ಅಂತ. ಆಟದ ಮೇಷ್ಟ್ರ ಪೋಸ್ಟು ತುಂಬಿಸಿ, ಬಿಡುತ್ತೇನೆ ಅಂದೆ. ತುಂಬಿಸುವುದಿಲ್ಲ. ನಾನು ಬಿಡುವುದೂ ಇಲ್ಲ. ಯೂನಿವರ್ಸಿಟಿ ಟೀಮಿನಲ್ಲಿ ಆಡಿದವಳು ಈ ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ.

ಸೆಪ್ಟೆಂಬರ್ 5

ಟೀಚರ್ಸ್ ಡೇ. ಗುಲಾಬಿ, ಪೆನ್ನು, ಕೇಕ್. ನಾಲ್ಕಕ್ಕೆ ಮೈದಾನ.

ಹೊರಗಿನ ಬಾಲಿಗೆ ಮದ್ದು ಒಂದೇ — ತಡೆಯುವುದು, ಅಂದರೆ ಕಾಯುವುದು. ಒಳಗಿನದನ್ನು ಮುಂದೆ ಹೋಗಿ ಎದುರುಗೊಳ್ಳಬೇಕು. ಹೊರಗಿನದನ್ನು ಬರಗೊಡಬೇಕು. ಪ್ಲೇಟಿನ ಮೇಲೆ ಸಾಕಷ್ಟು ಹಿಂದಕ್ಕೆ ಬಂದ ಮೇಲೆ ಹೊಡೆದರೆ ಅದು ತಾನಾಗಿ ಬಲಕ್ಕೆ ಹೋಗುತ್ತದೆ. ಷಟ್ಪದಿ ಓದುವಾಗ ಉಸಿರು ನಿಲ್ಲಬೇಕಾದಲ್ಲಿ ನಿಂತರೆ ಮುಂದಿನ ಸಾಲು ತಾನೇ ಏಳುತ್ತದಲ್ಲ, ಹಾಗೆ. ಇದನ್ನೆಲ್ಲ ಹೇಳಿದೆ. “ಹೌದ್ರಿ” ಅಂದಳು. ಎಲ್ಲಕ್ಕೂ ಹೌದ್ರಿ.

ಕೊನೆಗೆ ಆಕೆಯ ಎಡ ಹಿಮ್ಮಡಿಯ ಹಿಂದೆ ಒಂದು ಕಲ್ಲು ನಿಲ್ಲಿಸಿದೆ. ಚೂಪು ಅಂಚು ಕಾಲಿನ ಕಡೆಗೆ. ಸರಿದರೆ ತಾಗಬೇಕು. ತಾಗಿತು. ಸಾಕ್ಸ್ ಕೆಂಪಾಯಿತು. ನಿಲ್ಲಿಸು ಅನ್ನಲಿಲ್ಲ ಆಕೆ. ನಾನೂ ನಿಲ್ಲಿಸಲಿಲ್ಲ.

ಅಕ್ಟೋಬರ್ 24ಕ್ಕೆ ಕಲಬುರಗಿಯಲ್ಲಿ ವಿಭಾಗದ ಸೆಲೆಕ್ಷನ್. ಆಯ್ಕೆಯಾದವರಿಗೆ ಸ್ಪೋರ್ಟ್ಸ್ ಹಾಸ್ಟೆಲ್ಲಿನಲ್ಲಿ ಸೀಟು. ಊಟ, ಹಾಸಿಗೆ, ಪಿಯು ಮುಗಿಯುವ ತನಕ ಓದು. ಆಗದಿದ್ದರೆ ಪಂಚಶೀಲಾಗೆ ಹೈದರಾಬಾದ್. ಅಪ್ಪ ಸೂರ್ಯಕಾಂತ ಅಲ್ಲಿ ಬಿಲ್ಡಿಂಗ್ ಕೆಲಸದಲ್ಲಿದ್ದಾನೆ. ತಾಯಿ ಶೇವಂತಾ ಮಗಳ ಸಲುವಾಗಿ ಇಲ್ಲಿ ಉಳಿದಿದ್ದಾಳೆ.

“ಸೆಲೆಕ್ಷನ್ ಆಗ್ಲಿಲ್ಲಂದ್ರ ದೀಪಾವಳಿ ಆದ ಮ್ಯಾಲ ನಾನೂ ಅವ್ವನೂ ಹೊಂಟೀವ್ರಿ.”

“ಹೋಗಿ ಏನು ಮಾಡ್ತಿ?”

“ಕಲ್ಲು ಹೊರ್ತೀನ್ರಿ.”

ಸುಮ್ಮನೆ ಹೇಳಿದಳು, ಟೈಮ್‌ಟೇಬಲ್ ಹೇಳಿದ ಹಾಗೆ.

ಸೆಪ್ಟೆಂಬರ್ 10

ಎಲ್ಲರ ಮುಂದೆ ಅಂಜುಬುರುಕಿ ಅಂದೆ. ಅಂದರೆ ಸಿಟ್ಟಿಗಾದರೂ ಹೊಡೆದಾಳು ಅಂತ ಲೆಕ್ಕ. ನನಗೆ ಹಾಗೆ ಅಂದಾಗ ನಾನು ಹೊಡೆದಿದ್ದೆ. ವಕಾರ್ ಸರ್ ಯೂನಿವರ್ಸಿಟಿ ಮೈದಾನದಲ್ಲಿ ನಮ್ಮನ್ನು ಬೈದು ಬೈದೇ ಆಟಗಾರರನ್ನಾಗಿ ಮಾಡಿದರು. “ಅಳೋ ಹುಡುಗಿಗಿ ಬಾಲ್ ಕಾಣಂಗಿಲ್ಲ” ಅನ್ನುತ್ತಿದ್ದರು.

ಇವಳು ಅಳುವುದಿಲ್ಲ. ಬಾಲ್ ಕಾಣುತ್ತದೆ ಇವಳಿಗೆ. ಕೈಬಿಡುತ್ತಾಳೆ, ಅಷ್ಟೇ.

ಬಸ್ಸಿನಲ್ಲಿ ಕವಿತೆ ಓದಲಾಗಲಿಲ್ಲ. ಒಂದೇ ಪುಟ, ಕಲಬುರಗಿಯಲ್ಲಿ ನಾನಿಳಿಯುವ ಗಾಜಿಪುರ ಬರುವ ತನಕ.

ಸೆಪ್ಟೆಂಬರ್ 13, ಶುಕ್ರವಾರ

ಗೊತ್ತಾಯಿತು.

ಹೇಳಿದವಳು ಪ್ರೀತಿ. ನೀರು ಕುಡಿಯುತ್ತ, ಬಾಟಲಿ ಎತ್ತಿ ಹಿಡಿದು, ಹವಾಮಾನ ಹೇಳಿದ ಹಾಗೆ.

“ಆಕಿ ಆ ಕಡಿ ಹೊಡಿಯಂಗಿಲ್ರಿ ಮೇಡಂ. ಅಲ್ಲಿ ನಮ್ಮ ಮುತ್ಯಾನ ತೋಟ ಅದ. ಅವರವ್ವ ಅಲ್ಲೇ ಕೆಲ್ಸ ಮಾಡ್ತಾಳ.”

ಬಲಗಡೆ ಜಾಲಿ ಬೇಲಿ. ಬೇಲಿಯ ಆಚೆ ಪ್ರೀತಿಯ ಅಜ್ಜ ಚಂದ್ರಾಮಪ್ಪನವರ ಕೆಂಪು ಬಾಳೆ. ಹೈಸ್ಕೂಲು, ಕಾಲೇಜು ಎರಡಕ್ಕೂ ಈ ಒಂದೇ ಮೈದಾನ. ಎಂಟನೇ ಕ್ಲಾಸಿನಲ್ಲಿ ಪಂಚಶೀಲಾ ಹೊಡೆದ ಬಾಲ್ ತೋಟದೊಳಗೆ ಬಿತ್ತು. ತರಲು ತಾನೇ ಬೇಲಿ ದಾಟಿದಳು. ಚಂದ್ರಾಮಪ್ಪ ಬೈಯಲಿಲ್ಲವಂತೆ. ಶೇವಂತಾಳನ್ನು ಕರೆದು ಮನೆಗೆ ನಡಿ ಅಂದರಂತೆ. ಆ ಸುಗ್ಗಿ ಮುಗಿಯುವ ತನಕ ಮತ್ತೆ ಕರೆಯಲಿಲ್ಲ.

“ಯಾಕೆ? ಶೇವಂತಾ ದಿನಾ ಅಲ್ಲೇ ಇರ್ತಾಳಲ್ಲ. ಗೊನೆ ಕಡಿಯೋದೂ ಆಕೆಯೇ ಅಲ್ಲೇನು?”

ಪ್ರೀತಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. “ದುಡಿಲಾಕ್ ಬಂದ್ರ ನಡೀತದ್ರಿ. ಆಡ್ಲಾಕ್ ಬಂದ್ರ ಹೆಂಗ ನಡೀತದ?”

ಹದಿನಾರು ವರ್ಷದ ಹುಡುಗಿ. ಕೇಡು ಇಲ್ಲ ಮುಖದಲ್ಲಿ. ಬಾಟಲಿ ನನಗೂ ನೀಡಿದಳು.

ಅಂದರೆ ಮೂರು ವರ್ಷದಿಂದ ಆ ಹುಡುಗಿ ಬಲಕ್ಕೆ ಹೊಡೆಯದೆ ಇರುವುದನ್ನು ಅಭ್ಯಾಸ ಮಾಡಿದ್ದಾಳೆ. ಹೆದರಿಕೆಯಲ್ಲ. ಅದೂ ಒಂದು ಸಾಧನೆ. ನಾನು ಅದಕ್ಕೆ ಕಲ್ಲು ಅಡ್ಡ ಇಟ್ಟೆ.

ಇನ್ನು ಕಲ್ಲು ಬೇಡ.

ಸೆಪ್ಟೆಂಬರ್ 18

ಪ್ಲೇಟ್ ಕಿತ್ತು ಬೇರೆ ಮೂಲೆಯಲ್ಲಿ ಹಾಕಿಸಿದೆ. ಈಗ ತೋಟ ಆಕೆಯ ಬೆನ್ನಿಗೆ. ಬಲಕ್ಕೆ ಬರೀ ರಸ್ತೆ. ಇಷ್ಟು ಸುಲಭ ಅಂದುಕೊಂಡೆ.

“ನೋಡು, ಆ ಕಡಿ ಯಾರೂ ಇಲ್ಲ. ಹೊಡಿ.”

“ಹೌದ್ರಿ.”

ಕಾಲು ಸರಿಯಿತು. ಭುಜ ತೆರೆಯಿತು. ಗಾಳಿಗೆ. ಮತ್ತೆ ಗಾಳಿಗೆ. ನಾನು ದಿಕ್ಕು ತಿರುಗಿಸಿದೆ, ಆಕೆಯ ಮೈ ತಿರುಗಲಿಲ್ಲ. ಹಟವಲ್ಲ — ತಾನೇ ಬ್ಯಾಟಿನ ಕಡೆಗೆ ಆಶ್ಚರ್ಯದಿಂದ ನೋಡುತ್ತಿದ್ದಳು. ಒಂದು ಬಾಲನ್ನು ಎಡಕ್ಕೆಳೆದು ಸ್ಟಾಫ್ ರೂಮಿನ ಕಿಟಕಿ ಒಡೆದಳು. ಪ್ರಿನ್ಸಿಪಾಲರು ಹೊರಬಂದರು. ಪ್ಲೇಟ್ ಇದ್ದಲ್ಲಿಗೇ ಹೋಗಬೇಕಂತೆ.

ಹೋಗಲಿ. ಅದೇ ಸರಿ. ಎಲ್ಲಿ ಮರೆತಳೋ ಅಲ್ಲೇ ನೆನಪಾಗಬೇಕು. ಆ ಬೇಲಿಯ ಕಡೆಗೇ ಹೊಡೆಯಬೇಕು ಆಕೆ. ಬೇರೆ ದಾರಿ ಇಲ್ಲ.

ಸೆಪ್ಟೆಂಬರ್ 21, ಶನಿವಾರ

ಚಂದ್ರಾಮಪ್ಪನವರ ಮನೆಗೆ ಹೋಗಿ ಬಂದೆ.

ಕುರ್ಚಿ ತಾವೇ ಒರೆಸಿ ಹಾಕಿದರು. ಹೆಂಡತಿ ಮಲ್ಕಮ್ಮ ಚಹಾ ತಂದರು, ಕಪ್-ಬಸಿಯಲ್ಲಿ. ತಟ್ಟೆಯಲ್ಲಿ ಎರಡು ಕೆಂಪು ಬಾಳೆಹಣ್ಣು. ಬಲು ಸೌಮ್ಯ ಮನುಷ್ಯ. ಪ್ರೀತಿಯ ಆಟದ ಬಗ್ಗೆ ಕೇಳಿದರು. ಹೇಳಿದೆ — ಎದುರಿಗಿರುವವಳು ಹೊಡೆದರೆ ತಾನೇ ಎಸೆಯುವವಳು ಕಲಿಯುವುದು. ಆ ಹುಡುಗಿ ಬಲಕ್ಕೆ ಹೊಡೆಯಲಿ, ಬಾಲ್ ತೋಟಕ್ಕೆ ಬಂದರೆ ಅವಳ ತಾಯಿಗೆ ತೊಂದರೆ ಕೊಡಬೇಡಿ ಅಂದೆ.

“ತೊಂದ್ರಿ ಯಾತರದ್ರಿ ಮೇಡಂ! ಬರ್ಲಿ ಬಿಡ್ರಿ ಬಾಲು. ಶೇವಂತಾ ಅದಾಳಲ್ಲ, ತಂದು ಒಗೀತಾಳ. ಆಕಿ ಮಗಳಂತೂ ಒಳಗ ಬರಬಾರ್ದು. ಅಷ್ಟ ನೋಡ್ಕೊರಿ.”

“ಅಷ್ಟು ಸಾಕು,” ಅಂದೆ.

“ನೀವು ನಮ್ಮೋರೇ ಅಲ್ಲೇನ್ರಿ? ನಿಮಗ ಹೇಳೋದೇನದ.”

ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಚಹಾ ಮುಗಿಸಿದೆ.

ಹಣ್ಣು ಚೆನ್ನಾಗಿತ್ತು.

ಸೆಪ್ಟೆಂಬರ್ 23

ಪಂಚಶೀಲಾಗೆ ಹೇಳಿದೆ, ಇನ್ನು ನಿಮ್ಮವ್ವನ ಕೆಲಸಕ್ಕೆ ಏನೂ ಆಗುವುದಿಲ್ಲ. ಬಾಲ್ ಆಕೆಯೇ ಎತ್ತಿ ಎಸೆಯುತ್ತಾಳೆ.

ನನ್ನ ಕಡೆ ತಿರುಗಿದಳು.

“ಅವ್ವನೇ ಎತ್ತಬೇಕೇನ್ರಿ?”

“ಹೂಂ. ಅದಕ್ಕೇನು?”

“ಏನಿಲ್ರಿ.”

ಪ್ಲೇಟಿಗೆ ಹೋದಳು. ಪ್ರೀತಿ ಹೊರಗೆ ಹಾಕಿದಳು. ಬಿಟ್ಟಳು. ಮತ್ತೆ ಹೊರಗೆ. ಬಿಟ್ಟಳು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ — ಹೊಡೆಯದೆ ಹೋದರೆ ಅವ್ವ ಹೈದರಾಬಾದಿನಲ್ಲಿ ಎತ್ತುವುದು ಬಾಲ್ ಅಲ್ಲ.

ಮುಂದಿನ ಬಾಲ್. ಕಾಲು ಕದಲಲಿಲ್ಲ. ಭುಜ ಮುಚ್ಚಿಯೇ ಇತ್ತು. ಬರಗೊಟ್ಟಳು, ಬರಗೊಟ್ಟಳು… ಟಪ್. ಬಾಲ್ ಬಲಗಡೆಯ ಫಸ್ಟ್ ಬೇಸಿನ ಮೇಲಿಂದ ಬೇಲಿ ದಾಟಿ ಬಾಳೆಯೊಳಗೆ. ಎಲೆ ಹರಿದ ಸದ್ದು.

ಎಷ್ಟೋ ವರ್ಷವಾಗಿತ್ತು ಅಂಥದ್ದನ್ನು ನೋಡಿ. ಕಣ್ಣಲ್ಲಿ ನೀರು ಬಂತು ನನಗೆ.

ಬೇಲಿಯ ಮೇಲಿಂದ ಬಾಲ್ ವಾಪಸ್ ಬಂತು. ಎಸೆದ ಕೈ ಕಾಣಲಿಲ್ಲ.

ಅಕ್ಟೋಬರ್ 1

ದಿನಾ ಹೋಗುತ್ತಿದೆ, ಹುಮನಾಬಾದ ಬಸ್ಸು. ಹುಡುಗಿಯರ ಜೋಕು ಸತ್ತಿತು.

ಚಂದ್ರಾಮಪ್ಪನವರು ತೋಟದ ಬದುವಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದಾರೆ. ಸಂಜೆಯಾದರೆ ಬಂದು ಕೂಡುತ್ತಾರೆ. ಮೊಮ್ಮಗಳು ಎಸೆಯುವುದನ್ನು ನೋಡುತ್ತಾರೆ. ಬಾಲ್ ಬಿದ್ದ ಕೂಡಲೇ ಅವರ ದನಿ — “ಏ ಶೇವಂತಾ, ಬಾಲ್!” ಮೊದಲೆರಡು ದಿನ ಹೇಳಿದರು. ಈಗ ಸುಮ್ಮನೆ ನಾಲಿಗೆ ಲೊಚಗುಟ್ಟುತ್ತಾರೆ. ಹತ್ತಿರದಲ್ಲೇ ಬಿದ್ದಿದ್ದರೂ ತಾವು ಏಳುವುದಿಲ್ಲ. ಆಕೆ ಕೆಸರಿನಿಂದ ಓಡಿ ಬಂದು ಬಾಲ್ ಸೆರಗಿಗೆ ಒರೆಸಿ ಎಸೆಯುತ್ತಾಳೆ. ಒರೆಸು ಅಂದವರು ಚಂದ್ರಾಮಪ್ಪನವರೇ.

ಹೊಡೆದ ಮೇಲೆ ಪಂಚಶೀಲಾ ಕದಲುವುದಿಲ್ಲ. ಬ್ಯಾಟು ಹಿಡಿದು ಬೇಲಿಯನ್ನೇ ನೋಡುತ್ತ ನಿಲ್ಲುತ್ತಾಳೆ, ಬಾಲ್ ವಾಪಸ್ ಬರುವ ತನಕ. ಒಳ್ಳೆಯ ಏಕಾಗ್ರತೆ. ಆಟದಲ್ಲಾದರೆ ಹೊಡೆದ ಕೂಡಲೇ ಫಸ್ಟ್ ಬೇಸಿಗೆ ಓಡಬೇಕು; ಇಲ್ಲಿ ಓಡಿಸುವುದಿಲ್ಲ ನಾನು. ಓಡಿಸಿದರೆ ಮತ್ತೆ ಬಂದು ನಿಲ್ಲುವ ಹೊತ್ತಿಗೆ ಎರಡು ಪಿಚ್ ಹಾಳು.

ಅಕ್ಟೋಬರ್ 12, ದಸರಾ

ರಜೆಯಲ್ಲೂ ಪ್ರ್ಯಾಕ್ಟಿಸ್ ಇಟ್ಟಿದ್ದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಬಂದರೆ ಪಂಚಶೀಲಾ ಇಲ್ಲ. ಅವ್ವನ ಜೊತೆ ಕಲಬುರಗಿಗೆ, ಬುದ್ಧ ವಿಹಾರಕ್ಕೆ. ನಾನು ಬಿಟ್ಟು ಬಂದ ಊರಿಗೇ ಅವರು ಹೋಗಿದ್ದಾರೆ.

ಇವತ್ತು ಅವರ ದೊಡ್ಡ ದಿನ, ಧಮ್ಮ ದೀಕ್ಷೆಯ ದಿನ. ಗೊತ್ತು. ಗೊತ್ತಿದ್ದೂ ಸಿಟ್ಟು.

ಅಕ್ಟೋಬರ್ 13

ಬಿಳಿ ಸೀರೆಯಲ್ಲಿ ಶೇವಂತಾ ಎಷ್ಟು ಚಂದ ಕಂಡಳು ಅಂತ ಹುಡುಗಿ ಪ್ರೀತಿಗೆ ಹೇಳುತ್ತಿದ್ದಳು. ನಡುವೆ ಹೋಗಿ, “ಮಾತು ಸಾಕು, ಪ್ಲೇಟಿಗೆ ನಡಿ” ಅಂದೆ. ನಿನ್ನೆಯ ಲೆಕ್ಕವನ್ನೂ ಸೇರಿಸಿ ಹೊಡೆಸಿದೆ. ಕತ್ತಲಾಗುವ ತನಕ. ಬೇಲಿಯ ಆಚೆ ಶೇವಂತಾ ಮನೆಗೆ ಹೋಗುವ ಹೊತ್ತು ಮೀರಿತ್ತು. ಬಾಲ್ ಮಾತ್ರ ಬರುತ್ತಲೇ ಇತ್ತು.

ಒಂದೂ ತಪ್ಪಲಿಲ್ಲ. ಒಂದೂ.

ಅಕ್ಟೋಬರ್ 24, ಗುರುವಾರ

ಸೆಲೆಕ್ಷನ್. ಕುಸನೂರ ಕಡೆಯ ಮೈದಾನ. ಎಲ್ಲ ಜಿಲ್ಲೆಯವರನ್ನೂ ಕಲೆಸಿ ಎರಡು ಟೀಮು ಮಾಡಿದರು. ಸೆಲೆಕ್ಟರ್‌ಗಳ ಟೇಬಲ್ಲಿನಲ್ಲಿ ವಕಾರ್ ಸರ್. ಗಡ್ಡ ಪೂರ್ತಿ ಬೆಳ್ಳಗೆ. ನನ್ನನ್ನು ಗುರುತಿಸಿ ಪಕ್ಕದಲ್ಲಿ ಕೂಡಿಸಿಕೊಂಡರು.

ಪಿಚ್ ಮಾಡಿದವಳು ಬೀದರಿನ ಹುಡುಗಿ. ಎತ್ತರ, ಬಲು ವೇಗ. ಮೊದಲ ಬಾಲೇ ಹೊರಗೆ. ಪಂಚಶೀಲಾ ತಡೆದು ಹೊಡೆದಳು — ನೆಲದಿಂದ ಆಳೆತ್ತರದಲ್ಲಿ ಗೆರೆ ಎಳೆದ ಹಾಗೆ ಬಲಕ್ಕೆ. “ವಾಹ್!” ಅಂದರು ವಕಾರ್ ಸರ್. ಕೈ ಟೇಬಲ್ಲಿಗೆ ಬಡಿದರು.

ಆಕೆ ನಿಂತಿದ್ದಳು.

ಬ್ಯಾಟು ಹಿಡಿದು, ಬಲಕ್ಕೆ ನೋಡುತ್ತ, ಪ್ಲೇಟಿನ ಹತ್ತಿರ ನಿಂತೇ ಇದ್ದಳು. ಫೀಲ್ಡರ್ ಬಾಲ್ ಎತ್ತಿದಳು. ಫಸ್ಟ್ ಬೇಸಿಗೆ ಎಸೆದಳು. ಔಟ್. ಎಲ್ಲರೂ ನಕ್ಕರು. ಆಕೆಗೆ ಏನಾಯಿತೆಂದು ತಿಳಿಯಲಿಲ್ಲ.

ನಾನು ಎದ್ದು “ಓಡಬೇಕು! ಹೊಡೆದ ಮೇಲೆ ಓಡು!” ಅಂತ ಕೂಗಿದೆ. ಹೊರಗಿನವರು ಮಾತಾಡಬಾರದು ಅಂತ ನನ್ನನ್ನು ಹಗ್ಗದ ಆಚೆ ಕಳಿಸಿದರು.

ಎರಡನೇ ಸಲ ಬಂದಳು. ಮತ್ತೆ ಹೊರಗಿನ ಬಾಲ್. ಮೊದಲಿಗಿಂತ ಚೆಂದ. ಮತ್ತೆ ನಿಂತಳು. ಏನೋ ನೆನಪಾಗಿ ಬ್ಯಾಟು ಬಿಸಾಕಿ ಓಡಿದಳು — ತಡವಾಗಿ. ಒಂದು ಹೆಜ್ಜೆಯಲ್ಲಿ ಔಟ್.

ಮೂರನೇ ಸಲ ಇಲ್ಲ.

ವಕಾರ್ ಸರ್ ಹಗ್ಗದ ಹತ್ತಿರ ಬಂದರು. “ಹಿಟ್ ತೋ ಕ್ಯಾ ಹಿಟ್ ಹೈ! ಪರ್ ದೌಡೀ ಕಾಯ್ಕು ನೈ?” ಓಡಲಿಲ್ಲ ಯಾಕೆ ಅಂತ ತಲೆಯಾಡಿಸಿದರು. “ಓಡೋದು ಗೊತ್ತಿಲ್ದೋಳ್ನ ಹೆಂಗ ತಗೊಳ್ಳೋದವ್ವ? ಯಾರ್ ಕಲಿಸ್ಯಾರ ಇಕಿಗಿ?”

ಈ ಮಂದಿಗೆ ಎಷ್ಟು ಕಲಿಸಿದರೂ ಅಷ್ಟೇ ಸರ್, ಅಂದೆ.

ನಾನೇ ಅಂದದ್ದು. ನನ್ನದೇ ದನಿ. ಸರ್ ನನ್ನ ಹೆಗಲಿನ ಆಚೆ ನೋಡಿದರು. ತಿರುಗಿದೆ. ಹೆಲ್ಮೆಟ್ ಕೈಯಲ್ಲಿ ಹಿಡಿದು ಪಂಚಶೀಲಾ ಹಿಂದೆಯೇ ನಿಂತಿದ್ದಳು.

“ಯಾಕೆ ನಿಂತಿ?” ಅಂತ ಕೇಳಿದೆ. ಬೇರೆ ಏನು ಕೇಳುವುದು ಆಗ.

“ಬಾಲ್ ವಾಪಸ್ ಬರ್ಲಿಲ್ರಲ್ಲ,” ಅಂದಳು.

ಅಕ್ಟೋಬರ್ 25

ರಜೆ ಹಾಕಿದೆ. ತಲೆನೋವು ಅಂತ ಬರೆದೆ.

ಅಕ್ಟೋಬರ್ 28

ಲಿಸ್ಟ್ ಬಂತು. ಪ್ರೀತಿ ಇದ್ದಾಳೆ. ಚಂದ್ರಾಮಪ್ಪನವರು ಸ್ಟಾಫ್ ರೂಮಿಗೆ ಪೇಡೆ ತಂದರು, ಒಡೆದ ಕಿಟಕಿಗೆ ಗಾಜು ಹಾಕಿಸುವುದಾಗಿಯೂ ಹೇಳಿದರು. “ಆ ಹುಡುಗೀನೂ ಭಾಳ ಚಲೋ ಹೊಡೀತಿತ್ರಿ. ನಮ್ಮ ಪ್ರೀತಿಗಿ ಆಕಿಂದೇ ಪ್ರ್ಯಾಕ್ಟಿಸ್ ಆತು. ಖರೇ ಹೇಳ್ಬೇಕು.” ಕೃತಜ್ಞತೆ ಇತ್ತು ದನಿಯಲ್ಲಿ. ಅದೇ ಕಷ್ಟ. ಪೇಡೆ ಬಾಯಲ್ಲಿಟ್ಟುಕೊಂಡು ತಲೆಯಾಡಿಸಿದೆ.

ಪಂಚಶೀಲಾ ಕ್ಲಾಸಿಗೆ ಬಂದಿಲ್ಲ. ಹಾಜರಿ ಕೂಗಿದಾಗ ಹಿಂದಿನ ಬೆಂಚಿನಿಂದ ಯಾರೋ, “ಬಸ್ ಫೇಲ್ ಆಗ್ಯದ್ರಿ” ಅಂದರು. ಕ್ಲಾಸು ನಕ್ಕಿತು. ಪ್ರೀತಿ ನಗಲಿಲ್ಲ. ನಾನು ಆ ಹುಡುಗನನ್ನು ಹೊರಗೆ ಕಳಿಸಲಿಲ್ಲ. ಪುಸ್ತಕ ತೆರೆದೆ, ಪದ್ಯ ಓದಿದೆ. ಉಸಿರು ನಿಲ್ಲಬೇಕಾದಲ್ಲೆಲ್ಲ ನಿಂತು, ತಪ್ಪಿಲ್ಲದೆ.

ನವೆಂಬರ್ 4, ಸೋಮವಾರ. ಬೆಳಿಗ್ಗೆ 8, ಸ್ಟಾಫ್ ರೂಮ್

ದೀಪಾವಳಿ ಮುಗಿದು ಮೊದಲ ದಿನ. ಬಸ್ಸಿಳಿದರೆ ಎದುರಿನ ಕಟ್ಟೆಯ ಮೇಲೆ ಅವರಿಬ್ಬರು. ಎರಡು ಗಂಟು, ಒಂದು ಪ್ಲಾಸ್ಟಿಕ್ ಕೊಡ. ಹೈದರಾಬಾದ್ ಬಸ್ಸಿಗೆ.

ಹಾದು ಹೋಗಬಹುದಿತ್ತು. ಶೇವಂತಾಳೇ ಕರೆದಳು. ಇಷ್ಟು ದಿನದಲ್ಲಿ ಆಕೆಯ ಮುಖ ಹತ್ತಿರದಿಂದ ನೋಡಿದ್ದು ಇದೇ ಮೊದಲು. ನನಗಿಂತ ಚಿಕ್ಕವಳು.

“ಬರ್ರಿ ಮೇಡಂ. ನೋಡ್ರಿ, ನನಗ ಬಾಲ್ ಒಗಿಯೋದು ಎಷ್ಟು ಚಲೋ ಬಂದದ! ಸೆಲೆಕ್ಷನ್ನಿಗಿ ನನ್ನೇ ಕರ್ಕೊಂಡ್ ಹೋಗಬೇಕಿತ್ತು ನೀವು.”

ನಕ್ಕಳು. ಚುಚ್ಚಿದಳೋ, ಸುಮ್ಮನೆ ಅಂದಳೋ ತಿಳಿಯಲಿಲ್ಲ. ಪಂಚಶೀಲಾ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ನಮಸ್ಕಾರ ಮಾಡಲಿಲ್ಲ. ಹೌದ್ರಿ ಅನ್ನಲಿಲ್ಲ.

ಕಾಲೇಜಿಗೆ ಟಿ.ಸಿ. ಕೇಳಿದ್ದೀರಾ, ಅಲ್ಲಿ ಓದು ಮುಂದುವರಿಸಬಹುದು, ನಾನು ಮಾತಾಡುತ್ತೇನೆ ಅಂತೆಲ್ಲ ಹೇಳಿದೆ. ಶೇವಂತಾ ತಾಳ್ಮೆಯಿಂದ ಕೇಳಿದಳು. ಚಿಕ್ಕ ಮಕ್ಕಳ ಮಾತು ಕೇಳುವ ಹಾಗೆ.

“ಅದಿರ್ಲಿ ಬಿಡ್ರಿ. ಒಂದ್ ಮಾತ್ ಕೇಳ್ಲೇನ್ರಿ?”

“ಕೇಳು.”

“ಇಕಿ ಹೊಡಿಯೋದು ನಾ ಒಮ್ಮೆನೂ ನೋಡಿಲ್ರಿ. ಬಾಲ್ ಬೀಳೋದಷ್ಟೇ ನೋಡೀನಿ. ಬಾಳಿ ಗಿಡದಾಗ ಏನ್ ಕಾಣ್ತದ? ಹೆಂಗ ಹೊಡೀತಿದ್ಲರಿ ನನ್ ಮಗಳು?”

“ಬಿಡಬೇ ಯವ್ವಾ,” ಅಂದಳು ಪಂಚಶೀಲಾ. “ಬಸ್ ಬಂತು.”

ಬಂದಿತ್ತು. ಶೇವಂತಾ ಗಂಟು ತಲೆಗೇರಿಸಿದಳು. ಆದರೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಹೇಳತೊಡಗಿದೆ. ಬಸ್ಸಿನ ಬಾಗಿಲ ತನಕ ಪಕ್ಕದಲ್ಲೇ ನಡೆಯುತ್ತ ಹೇಳಿದೆ. ಬಾಲ್ ದೂರದ ಅಂಚಿಗೆ ಬರುತ್ತದೆ ಶೇವಂತಾ. ಬೇರೆ ಯಾರಾದರೂ ಆತುರಪಡುತ್ತಾರೆ, ಇವಳು ಪಡುವುದಿಲ್ಲ. ಕಾಲು ಅಲುಗುವುದಿಲ್ಲ. ಬರಲಿ ಅಂತ ತಡೆಯುತ್ತಾಳೆ, ಇನ್ನೂ ಹತ್ತಿರ ಬರಲಿ ಅಂತ ತಡೆಯುತ್ತಾಳೆ, ನೋಡುವವರಿಗೆ ಇನ್ನು ಆಗಲಿಲ್ಲ, ಹೋಯಿತು ಅನ್ನಿಸಬೇಕು, ಅಷ್ಟು ತಡೆದು…

ಕಂಡಕ್ಟರ್ ಸೀಟಿ ಊದಿದ. ಪಂಚಶೀಲಾ ಒಳಗಿನಿಂದ ತಾಯಿಯ ಕೈ ಹಿಡಿದು ಎಳೆದಳು. ಮೆಟ್ಟಿಲ ಮೇಲೆ ನಿಂತು, ಬಾಗಿ, ಶೇವಂತಾ ಕೇಳಿದಳು:

“ಆಮ್ಯಾಲ್ರಿ?”

ಆಮೇಲೆ…